ಗಲ್ಲಿಗೇರಿಸಿ ಎನ್ನುವ ಮುನ್ನ



ನಾಡಿನಲ್ಲಿ ಎಲ್ಲಿಯಾದರೂ ಘೋರವಾದ ಕೊಲೆಯೊಂದು ನಡೆದರೆ ಮರುದಿನವೇ ನಮ್ಮ ಊರುಗಳಲ್ಲಿ ಒಂದು ಮಾತು ಹುಟ್ಟಿಕೊಳ್ಳುತ್ತದೆ. ತುಮಕೂರಿನ ಟೌನ್‌ಹಾಲ್ ವೃತ್ತದಲ್ಲಿ ಮೇಣದಬತ್ತಿ ಹಿಡಿದು ನಿಂತವರ ಬಾಯಲ್ಲಿ, ಗುಬ್ಬಿಯ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ, ಕುಣಿಗಲಿನ ಸಂತೆಯಲ್ಲಿ, ಅಷ್ಟೇ ಏಕೆ, ಭಾನುವಾರದ ಬಲಿಪೂಜೆ ಮುಗಿಸಿ ದೇವಾಲಯದ ಅಂಗಳದಲ್ಲಿ ನಿಂತು ಕುಶಲ ವಿಚಾರಿಸುವ ನಮ್ಮ ನಡುವೆಯೂ ಅದು ಕೇಳಿಬರುತ್ತದೆ: “ಅವನನ್ನು ಗಲ್ಲಿಗೇರಿಸಬೇಕು.” ಸ್ವಲ್ಪ ಬಿಸಿರಕ್ತದವರಾದರೆ, “ಇಂಥವರಿಗೆ ವಿಚಾರಣೆ ಬೇರೆ ಕೇಡು” ಎಂದೂ ಸೇರಿಸುತ್ತಾರೆ. ಆ ಸಿಟ್ಟಿನಲ್ಲಿ ಸತ್ತವರ ಬಗೆಗಿನ ಮರುಕವಿದೆ, ಹೆಣ್ಣುಮಕ್ಕಳಿರುವ ಮನೆಯವರ ಭಯವಿದೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಮಾತನ್ನು ಒಪ್ಪಲಾರೆ. “ಅವನು” ಯಾರೆಂಬುದು ನಮಗೆ ಗೊತ್ತಿದೆ ಎಂದು ನಾವು ಇಷ್ಟು ಬೇಗ ನಂಬುವುದಾದರೂ ಹೇಗೆ ಎಂಬುದೇ ನನ್ನ ತಕರಾರು.

ಕೊಡಗಿನ ಕುಶಾಲನಗರದ ಸಮೀಪದ ಆದಿವಾಸಿ ಕೂಲಿಕಾರನೊಬ್ಬನ ವೃತ್ತಾಂತವನ್ನು 2025ರ ಏಪ್ರಿಲ್ ತಿಂಗಳ ಪತ್ರಿಕೆಗಳಲ್ಲಿ ನೀವು ಓದಿರಬಹುದು. ಹೆಂಡತಿ ಕಾಣೆಯಾಗಿದ್ದಾಳೆಂದು ಠಾಣೆಗೆ ಹೋಗಿ ದೂರು ಕೊಟ್ಟವನು ಅವನೇ. ಕೆಲವು ಕಾಲದ ನಂತರ ಮೈಸೂರು ಜಿಲ್ಲೆಯ ಬೆಟ್ಟದಪುರ ಠಾಣೆಯ ಸರಹದ್ದಿನಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಆಕೆಯದೇ ಎಂದು ಪೊಲೀಸರು ತೀರ್ಮಾನಿಸಿದರು. ಅಲ್ಲಿ ಸಿಕ್ಕ ಬಟ್ಟೆಬರೆಗಳನ್ನು ಮನೆಯವರಿಗೆ ತೋರಿಸಿ ಗುರುತು ಹಿಡಿಸಿದರು. ದೂರು ಕೊಟ್ಟ ಗಂಡನೇ ಕೊಲೆಗಾರನೆಂದು ಆರೋಪಪಟ್ಟಿ ಸಿದ್ಧವಾಯಿತು. ಡಿಎನ್‌ಎ ಪರೀಕ್ಷೆಯ ಫಲಿತಾಂಶ ಹೊಂದಿಕೆಯಾಗಲಿಲ್ಲ. ಆದರೂ ಮೊಕದ್ದಮೆ ನಿಲ್ಲಲಿಲ್ಲ. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಆತ ಜೈಲಿನಲ್ಲಿದ್ದ. 2025ರ ಏಪ್ರಿಲ್ 1ರಂದು ಆ ‘ಸತ್ತ’ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಪರಿಚಿತರ ಕಣ್ಣಿಗೆ ಬಿದ್ದಳು! ಮೈಸೂರಿನ ನ್ಯಾಯಾಲಯ ಆಕೆಯನ್ನು ತನ್ನೆದುರು ನಿಲ್ಲಿಸಿಕೊಂಡು, ಅದೇ ತಿಂಗಳು ಆತನನ್ನು ಖುಲಾಸೆಗೊಳಿಸಿತು. ಗೃಹ ಇಲಾಖೆ ಅವನಿಗೆ 1 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದೂ ಹೇಳಿತು.

ಆತನ ಮೇಲಿದ್ದುದು ಭಾರತೀಯ ದಂಡಸಂಹಿತೆಯ 302ನೇ ಕಲಮಿನ ಆಪಾದನೆ. ಆ ಕಲಮಿಗೆ ಇದ್ದ ಶಿಕ್ಷೆಗಳು ಎರಡೇ, ಜೀವಾವಧಿ ಅಥವಾ ಮರಣ. ಆ ಹೆಣ್ಣುಮಗಳು ಅಂದು ಮಡಿಕೇರಿಯ ಹೋಟೆಲಿಗೆ ಬಾರದೆ, ಹೊಸೂರಿನಲ್ಲೋ ಕೊಯಮತ್ತೂರಿನಲ್ಲೋ ಬದುಕು ಕಟ್ಟಿಕೊಂಡಿದ್ದರೆ? ಸಾಕ್ಷಿಗಳು ಇದ್ದರು, ಬಟ್ಟೆಯ ಗುರುತು ಇತ್ತು, ಮಹಜರಿನ ಮೇಲೆ ಸಹಿಗಳಿದ್ದವು. ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸಲಿಲ್ಲವೆಂದು ನನಗೆ ತೋರುತ್ತದೆ. ಆ ಎಲುಬುಗಳು ಯಾರವೋ ಒಬ್ಬರವು. ಅವರಿಗೂ ಒಂದು ಮನೆ ಇದ್ದಿರಬೇಕು, ದಾರಿ ಕಾಯುವವರು ಇದ್ದಿರಬೇಕು. ನಿರಪರಾಧಿಯನ್ನು ಹಿಡಿದು ಕಡತ ಮುಚ್ಚಿದಾಗ ಆ ಮನೆಯವರಿಗೂ ಅನ್ಯಾಯವಾಯಿತಲ್ಲವೇ? ತಪ್ಪು ಮನುಷ್ಯನಿಗೆ ಶಿಕ್ಷೆಯಾದಾಗ ನಿಜವಾದ ಕೊಲೆಗಾರನಿಗೆ ಕ್ಷಮಾದಾನ ಸಿಕ್ಕಂತೆ. ಗಲ್ಲು ಗಲ್ಲು ಎಂದು ಕೂಗುವವರು ಈ ಕ್ಷಮಾದಾನದ ಬಗ್ಗೆ ಏಕೆ ಮೌನವಾಗಿದ್ದಾರೆ?

ಮಹಜರು ಎಂದೆನಷ್ಟೆ. ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಹುಟ್ಟಿ ಬೆಳೆದ ಯಾರಿಗೂ ಈ ಪದದ ಅರ್ಥ ಹೇಳಬೇಕಾಗಿಲ್ಲ. ಕೆರೆ ಏರಿಯ ಮೇಲೋ ತೆಂಗಿನ ತೋಟದಲ್ಲೋ ಹೆಣವೊಂದು ಸಿಕ್ಕಿತೆಂದರೆ ಪೊಲೀಸರು ಪಂಚರನ್ನು ಹುಡುಕುತ್ತಾರೆ. ದಾರಿಯಲ್ಲಿ ಹೋಗುತ್ತಿದ್ದವನನ್ನು, ಟೀ ಅಂಗಡಿಯಲ್ಲಿ ಕುಳಿತವನನ್ನು, ಕೆಲವೊಮ್ಮೆ ನಮ್ಮ ಧರ್ಮಕೇಂದ್ರದ ಹಿರಿಯರನ್ನೇ ಕರೆಯುತ್ತಾರೆ. “ಇಲ್ಲೊಂದು ಸಹಿ ಹಾಕಿ ಸ್ವಾಮಿ, ನಿಮಗೇನೂ ತೊಂದರೆ ಇಲ್ಲ.” ಬರೆದದ್ದನ್ನು ಎಷ್ಟು ಮಂದಿ ಓದುತ್ತಾರೆ? ಕತ್ತಿಯನ್ನು ಪೊದೆಯಿಂದ ತೆಗೆದದ್ದನ್ನು ಕಂಡವರೆಷ್ಟು ಮಂದಿ, ಠಾಣೆಯ ಮೇಜಿನ ಮೇಲೆ ಅದನ್ನು ಕಂಡವರೆಷ್ಟು ಮಂದಿ? ಮೂರು ನಾಲ್ಕು ವರ್ಷ ಕಳೆದ ಮೇಲೆ ಸಮನ್ಸ್ ಬರುತ್ತದೆ. ತಾಲ್ಲೂಕಿನ ಮ್ಯಾಜಿಸ್ಟ್ರೇಟರಿಂದ ಸತ್ರ ನ್ಯಾಯಾಲಯಕ್ಕೆ ಒಪ್ಪಿಸಲ್ಪಟ್ಟ ಮೊಕದ್ದಮೆಯಲ್ಲಿ ಕಟಕಟೆ ಹತ್ತಿ ನಿಂತಾಗ ಪಂಚನ ಮುಂದೆ ಎರಡೇ ದಾರಿ. ಸಹಿ ನನ್ನದು, ನೋಡಿದ್ದು ಸುಳ್ಳು ಎಂದು ಹೇಳಿ ಪ್ರತಿಕೂಲ ಸಾಕ್ಷಿ ಎನಿಸಿಕೊಳ್ಳುವುದು. ಇಲ್ಲವೇ ಬರೆದುಕೊಟ್ಟದ್ದನ್ನು ಗಿಣಿಯಂತೆ ಒಪ್ಪಿಸುವುದು. ಮೊದಲನೆಯದರಿಂದ ನಿಜವಾದ ಅಪರಾಧಿ ತಪ್ಪಿಸಿಕೊಂಡಾನು. ಎರಡನೆಯದರಿಂದ ನಿರಪರಾಧಿ ಸಿಕ್ಕಿಬಿದ್ದಾನು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನು ಶೋಧ ಮತ್ತು ಜಪ್ತಿಯ ವಿಡಿಯೋ ಚಿತ್ರೀಕರಣವನ್ನು ಕಡ್ಡಾಯ ಮಾಡಿದೆ. ಒಳ್ಳೆಯದೇ ಆಯಿತು. ಆದರೆ ಸಹಿ ಮಾಡುವ ಕೈ ಇಂದಿಗೂ ನಮ್ಮದೇ.

ಮೋಶೆಯ ಧರ್ಮಶಾಸ್ತ್ರ ಈ ವಿಷಯದಲ್ಲಿ ನಮಗಿಂತ ಎಚ್ಚರದಿಂದಿತ್ತು. ಒಬ್ಬನೇ ಸಾಕ್ಷಿಯ ಮಾತಿನ ಮೇಲೆ ಯಾರನ್ನೂ ಕೊಲ್ಲಬಾರದೆಂದು ಅದು ವಿಧಿಸಿತು. ಅಷ್ಟೇ ಅಲ್ಲ, ಮೊದಲ ಕಲ್ಲನ್ನು ಸಾಕ್ಷಿ ಹೇಳಿದವನೇ ಎಸೆಯಬೇಕೆಂದಿತು. ಯೋಚಿಸಿ ನೋಡಿ: ಮಹಜರಿಗೆ ಸಹಿ ಹಾಕಿದವನೇ ಹಿಂಡಲಗಾ ಜೈಲಿಗೆ ಹೋಗಿ ಹಗ್ಗ ಎಳೆಯಬೇಕು ಎಂಬ ನಿಯಮವಿದ್ದರೆ ನಮ್ಮಲ್ಲಿ ಎಷ್ಟು ಪೆನ್ನುಗಳು ಜೇಬಿನಲ್ಲೇ ಉಳಿಯುತ್ತಿದ್ದವು? ದಾನಿಯೇಲನ ಗ್ರಂಥದ ಸುಸನ್ನಳ ವೃತ್ತಾಂತವೂ ಅಲ್ಲಿಯೇ ಇದೆ. ಇಬ್ಬರು ಗೌರವಸ್ಥ ಹಿರಿಯರು ಸಾಕ್ಷಿ ಹೇಳಿದರು, ಸಭೆ ನಂಬಿತು, ಮರಣದಂಡನೆಯ ತೀರ್ಪೂ ಆಯಿತು. ಯುವಕನೊಬ್ಬ ಎದ್ದು ನಿಂತು ಆ ಇಬ್ಬರನ್ನೂ ಬೇರೆ ಬೇರೆಯಾಗಿ ಕರೆದು, ಯಾವ ಮರದ ಕೆಳಗೆ ಕಂಡಿರಿ ಎಂದು ಕೇಳಿದ. ಒಬ್ಬ ಒಂದು ಮರದ ಹೆಸರು ಹೇಳಿದ, ಇನ್ನೊಬ್ಬ ಬೇರೊಂದರ ಹೆಸರು ಹೇಳಿದ. ನಮ್ಮ ವಕೀಲರು ಪಾಟೀಸವಾಲು ಎನ್ನುವುದು ಇದನ್ನೇ. ಸುಸನ್ನಳಿಗೆ ದಾನಿಯೇಲನಿದ್ದ. ಕುಶಾಲನಗರದ ಕೂಲಿಕಾರನಿಗೆ ಕೊನೆಗೂ ಒಬ್ಬ ವಕೀಲರು ದೊರೆತರು. ದೊರೆಯದವರು?

“ಮೇಲಿನ ನ್ಯಾಯಾಲಯಗಳಿವೆಯಲ್ಲ, ತಪ್ಪಾಗಿದ್ದರೆ ಅವು ತಿದ್ದುತ್ತವೆ” ಎಂದು ನಮ್ಮ ವಿದ್ಯಾವಂತ ಮಿತ್ರರು ಹೇಳುತ್ತಾರೆ. ತಿದ್ದುತ್ತವೆ, ನಿಜ. ಎಷ್ಟನ್ನು ತಿದ್ದಬೇಕಾಗಿ ಬಂದಿದೆ ಎಂಬುದನ್ನು ನೋಡಿದರೆ ಎದೆ ನಡುಗುತ್ತದೆ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2000ದಿಂದ 2015ರವರೆಗೆ ಕೆಳಗಿನ ನ್ಯಾಯಾಲಯಗಳು ವಿಧಿಸಿ ಮೇಲಿನವರೆಗೂ ಹೋಗಿ ಇತ್ಯರ್ಥವಾದ ಮರಣದಂಡನೆಗಳಲ್ಲಿ ಕೊನೆಗೆ ಉಳಿದುಕೊಂಡದ್ದು 100ಕ್ಕೆ 5ಕ್ಕೂ ಕಡಿಮೆ. ಸುಮಾರು 30ರಷ್ಟರಲ್ಲಿ ಆರೋಪಿಗಳು ಪೂರ್ತಿ ಖುಲಾಸೆಯಾದರು. ಉಳಿದವರ ಶಿಕ್ಷೆ ಇಳಿಯಿತು. ಮರಣದಂಡನೆಗೆ ಗುರಿಯಾದವರಲ್ಲಿ ನಾಲ್ವರಿಗೆ ಸುಮಾರು ಮೂವರು ಬಡವರೆಂದೂ ಅದೇ ಅಧ್ಯಯನ ಹೇಳಿತು. ತುಮಕೂರಿನ ಯಾವ ವೈದ್ಯರಾದರೂ ನೂರು ಶಸ್ತ್ರಚಿಕಿತ್ಸೆ ಮಾಡಿ, ಮೂವತ್ತು ಜನರಿಗೆ ಕಾಯಿಲೆಯೇ ಇರಲಿಲ್ಲವೆಂದು ಆಮೇಲೆ ತಿಳಿದುಬಂದರೆ ನಾವು ಅವರ ಬಳಿ ನಮ್ಮ ಮಕ್ಕಳನ್ನು ಕರೆದೊಯ್ಯುತ್ತೇವೆಯೇ?

ಇನ್ನು ಮೇಲಿನ ನ್ಯಾಯಾಲಯವೂ ಎಡವುತ್ತದೆ. 2003ರಲ್ಲಿ ಮಹಾರಾಷ್ಟ್ರದಲ್ಲಿ ಒಂದೇ ಕುಟುಂಬದ ಐವರ ಭೀಕರ ಹತ್ಯೆ ನಡೆಯಿತು. ಅಲೆಮಾರಿ ಸಮುದಾಯದ ಆರು ಮಂದಿ ಬಂಧಿತರಾದರು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಆರೂ ಮಂದಿಗೆ ಮರಣದಂಡನೆ ಎಂದಿತು. ಅವರಲ್ಲಿ ಮೂವರಿಗೆ ಮುಂಬಯಿಯ ಉಚ್ಚ ನ್ಯಾಯಾಲಯ ಜೀವಾವಧಿಗೆ ಇಳಿಸಿದ್ದ ಶಿಕ್ಷೆಯನ್ನು ಮತ್ತೆ ಗಲ್ಲಿಗೆ ಏರಿಸಿತು. ಹತ್ತು ವರ್ಷ ಕಳೆದು, 2019ರ ಮಾರ್ಚ್ 5ರಂದು, ಅದೇ ಸರ್ವೋಚ್ಚ ನ್ಯಾಯಾಲಯ ಆರೂ ಮಂದಿಯನ್ನು ನಿರ್ದೋಷಿಗಳೆಂದು ಬಿಡುಗಡೆ ಮಾಡಿತು. ದಾಳಿಯಲ್ಲಿ ಬದುಕುಳಿದ ಮಹಿಳೆ ಪೊಲೀಸರ ಬಳಿಯಿದ್ದ ಭಾವಚಿತ್ರಗಳಲ್ಲಿ ಗುರುತಿಸಿದ್ದು ಬೇರೆಯೇ ನಾಲ್ವರನ್ನು. ಆ ಜಾಡನ್ನು ಯಾರೂ ಹಿಡಿದು ಹೋಗಿರಲಿಲ್ಲ. ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದು ನ್ಯಾಯಾಲಯ ಆಜ್ಞಾಪಿಸಿತು. ಹದಿನಾರು ವರ್ಷಗಳು ಕಳೆದಿದ್ದವು. ನಮ್ಮ ನ್ಯಾಯಾಂಗದ ವಿಳಂಬವನ್ನು ನಾವೆಲ್ಲ ಶಪಿಸುತ್ತೇವೆ, ಶಪಿಸಬೇಕಾದದ್ದೇ. ಆದರೆ ಈ ಆರು ಜೀವಗಳನ್ನು ಉಳಿಸಿದ್ದು ಆ ವಿಳಂಬವೇ. “ತಿಂಗಳೊಳಗೆ ನೇಣು ಹಾಕಿ” ಎಂಬ ಬೇಡಿಕೆ ಈಡೇರಿದ್ದರೆ 2019ರ ತೀರ್ಪನ್ನು ಯಾರಿಗೆ ಓದಿ ಹೇಳುತ್ತಿದ್ದರು?

ದೂರದ ಮಹಾರಾಷ್ಟ್ರ ಬೇಡ, ಬೆಂಗಳೂರಿಗೇ ಬನ್ನಿ. ರಾಜೀವ್ ಗಾಂಧಿಯವರ ಹಂತಕರ ತಂಡ 1991ರ ಆಗಸ್ಟ್‌ನಲ್ಲಿ ಕೋಣನಕುಂಟೆಯ ಮನೆಯೊಂದರಲ್ಲಿ ಸುತ್ತುವರಿಯಲ್ಪಟ್ಟು ಕೊನೆಗೊಂಡದ್ದು ನಮ್ಮ ಹಿರಿಯರಿಗೆ ನೆನಪಿದೆ. ಆ ತಂಡಕ್ಕೆ ಅಲ್ಲಿ ಆಸರೆ ಕೊಟ್ಟ ಆಪಾದನೆ ಹೊತ್ತ ಬೆಂಗಳೂರಿನವನೊಬ್ಬನೂ ಆರೋಪಿಗಳ ಪಟ್ಟಿ ಸೇರಿದ. 1998ರ ಜನವರಿ 28ರಂದು ತಮಿಳುನಾಡಿನ ಪೂಂದಮಲ್ಲಿಯ ಟಾಡಾ ನ್ಯಾಯಾಲಯ 26 ಆರೋಪಿಗಳಿಗೆ, ಒಬ್ಬರನ್ನೂ ಬಿಡದೆ, ಮರಣದಂಡನೆ ವಿಧಿಸಿತು. ಮರುವರ್ಷ ಮೇ 11ರಂದು ಸರ್ವೋಚ್ಚ ನ್ಯಾಯಾಲಯ, ಅವರಲ್ಲಿ 19 ಮಂದಿಗೆ ಕೊಲೆಯ ಸಂಚಿನಲ್ಲಿ ಪಾಲಿರಲಿಲ್ಲ, ಚಿಕ್ಕಪುಟ್ಟ ಅಪರಾಧಗಳಿಗೆ ಆಗಲೇ ಅನುಭವಿಸಿದ ಸೆರೆವಾಸವೇ ಸಾಕು ಎಂದಿತು. ಕೋಣನಕುಂಟೆಯ ಆ ಮನುಷ್ಯನೂ ಆ 19ರಲ್ಲಿ ಒಬ್ಬ. ಇಪ್ಪತ್ತಾರಕ್ಕೆ ಹತ್ತೊಂಬತ್ತು! ಗಲ್ಲು ಉಳಿದವರಲ್ಲಿ ಒಬ್ಬರಾದ ಪೇರರಿವಾಳನ್ ಅವರ ಹೇಳಿಕೆಯನ್ನು ಬರೆದುಕೊಂಡ ಅಧಿಕಾರಿಯೇ, ತಾನು ತಂದುಕೊಟ್ಟ ಬ್ಯಾಟರಿಗಳು ಯಾವುದಕ್ಕೆಂದು ಆತನಿಗೆ ತಿಳಿದಿರಲಿಲ್ಲವೆಂಬ ಮಾತನ್ನು ತಾನು ದಾಖಲಿಸಲಿಲ್ಲವೆಂದು 2013ರಲ್ಲಿ ಬಹಿರಂಗವಾಗಿ ಹೇಳಿದರು. ಬಿಟ್ಟುಹೋದ ಆ ಒಂದು ವಾಕ್ಯದ ಭಾರವನ್ನು ಹೊತ್ತು ಪೇರರಿವಾಳನ್ ಹೊರಬಂದದ್ದು 2022ರ ಮೇ ತಿಂಗಳಲ್ಲಿ, 31 ವರ್ಷಗಳ ಮೇಲೆ.

ಟಾಡಾ ಎಂಬ ಆ ಕಾನೂನು 1995ರಲ್ಲಿ ಕೊನೆಗೊಂಡಿತು. ಆದರೆ ಅದು ಇದ್ದಷ್ಟು ಕಾಲ ಪೊಲೀಸ್ ಅಧಿಕಾರಿಯ ಎದುರು ಮಾಡಿದ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗುತ್ತಿತ್ತು. ಮೇಲ್ಮನವಿ ಉಚ್ಚ ನ್ಯಾಯಾಲಯವನ್ನು ದಾಟಿ ನೇರವಾಗಿ ದೆಹಲಿಗೆ ಹೋಗುತ್ತಿತ್ತು. ಅಂದರೆ ಬಡವನ ಪಾಲಿಗೆ ಇದ್ದ ಒಂದು ಮೆಟ್ಟಿಲೇ ಮಾಯವಾಗಿತ್ತು. ಅದರಿಂದ ನಮ್ಮವರಿಗೇ ಏನಾಯಿತು ಎಂಬುದನ್ನು ಹೇಳದೆ ಮುಂದೆ ಹೋಗಲಾರೆ.

1993ರ ಏಪ್ರಿಲ್ 9. ಅಂದು ಶುಭ ಶುಕ್ರವಾರ. ನಮ್ಮ ದೇವಾಲಯಗಳಲ್ಲಿ ಶಿಲುಬೆಯ ಹಾದಿ ನಡೆಯುತ್ತಿದ್ದ ಆ ದಿನ, ಮಲೆ ಮಹದೇಶ್ವರ ಬೆಟ್ಟದ ಆಚೆ ಪಾಲಾರ್ ಬಳಿ ವೀರಪ್ಪನ್ ತಂಡದವರು ಹುದುಗಿಸಿಟ್ಟ ನೆಲಬಾಂಬುಗಳು ಸಿಡಿದು 20ಕ್ಕೂ ಹೆಚ್ಚು ಮಂದಿ ಸತ್ತರು. ಪೊಲೀಸರು, ಅರಣ್ಯ ಸಿಬ್ಬಂದಿ, ಮಾಹಿತಿ ನೀಡುತ್ತಿದ್ದ ಹಳ್ಳಿಗರು. ಆ ಮನೆಗಳ ಗೋಳನ್ನು ಮರೆತು ಮಾತಾಡುವವನು ಮನುಷ್ಯನಲ್ಲ. ಅನಂತರ ಕೊಳ್ಳೇಗಾಲ ಸೀಮೆಯ ಹಳ್ಳಿಹಳ್ಳಿಗಳಿಂದ ಜನರನ್ನು ಹಿಡಿದು ತಂದರು. ಮೈಸೂರಿನ ಟಾಡಾ ನ್ಯಾಯಾಲಯದಲ್ಲಿ ನೂರಕ್ಕೂ ಹೆಚ್ಚು ಮಂದಿಯ ವಿಚಾರಣೆ ನಡೆದು, 2001ರ ಸೆಪ್ಟೆಂಬರ್‌ನಲ್ಲಿ ತೀರ್ಪು ಬಂದಾಗ ಅಪರಾಧಿಗಳೆನಿಸಿದವರು 14 ಮಂದಿ ಮಾತ್ರ. ಮಿಕ್ಕವರು ವರ್ಷಗಟ್ಟಲೆ ಸೆರೆಯಲ್ಲಿ ಕೊಳೆತು, ಏನೂ ಮಾಡಿರಲಿಲ್ಲವೆನಿಸಿಕೊಂಡು ಮನೆಗೆ ಹೋದರು. ಆ ಕಾಡಂಚಿನ ಹಳ್ಳಿಗರಿಗೆ ಕಾರ್ಯಾಚರಣೆಯ ಹೆಸರಿನಲ್ಲಿ ಕೊಟ್ಟ ಹಿಂಸೆಯನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೇ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಬೇಕಾಯಿತು. 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಘೋಷಣೆಯಾಯಿತು.

ಶಿಕ್ಷೆಗೊಳಗಾದವರಲ್ಲಿ ನಾಲ್ವರ ಹೆಸರುಗಳನ್ನು ಓದಿ: ಸೈಮನ್, ಜ್ಞಾನಪ್ರಕಾಶ್, ಬಿಲವೇಂದ್ರನ್, ಮೀಸೆಕಾರ ಮಾದಯ್ಯ. ಮೊದಲ ಮೂರು ಹೆಸರುಗಳು ಜ್ಞಾನಸ್ನಾನದ ತೊಟ್ಟಿಯಿಂದ ಬಂದವು. ಮೈಸೂರಿನ ನ್ಯಾಯಾಧೀಶರು, ಸಾಕ್ಷಿಗಳ ಮುಖವನ್ನು ಕಣ್ಣಾರೆ ಕಂಡವರು, ಇವರಿಗೆ ಕೊಟ್ಟದ್ದು ಜೀವಾವಧಿ. ಅದರ ವಿರುದ್ಧ ಇವರು ಮೇಲ್ಮನವಿ ಹೋದರು. 2004ರ ಜನವರಿ 29ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಮೇಲ್ಮನವಿಯನ್ನು ತಳ್ಳಿಹಾಕಿದ್ದಲ್ಲದೆ ಶಿಕ್ಷೆಯನ್ನು ಮರಣದಂಡನೆಗೆ ಏರಿಸಿತು. ನ್ಯಾಯ ಕೇಳಲು ಹೋದವರು ಗಲ್ಲನ್ನು ಹೊತ್ತು ಮರಳಿದರು. ಒಂಬತ್ತು ವರ್ಷಗಳ ಕಾಲ ಕ್ಷಮಾದಾನದ ಅರ್ಜಿ ದೆಹಲಿಯಲ್ಲಿ ಬಿದ್ದಿತ್ತು. ಇವರು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದರು. 2013ರ ಫೆಬ್ರವರಿಯಲ್ಲಿ ಅರ್ಜಿ ತಿರಸ್ಕೃತವಾಗಿ, ಇಂದೋ ನಾಳೆಯೋ ಎಂಬಂತಾದಾಗ ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. 2014ರ ಜನವರಿ 21ರಂದು, ಇಷ್ಟು ದೀರ್ಘ ವಿಳಂಬವೇ ಒಂದು ಚಿತ್ರಹಿಂಸೆಯೆಂದು ಪರಿಗಣಿಸಿ, ಇವರೂ ಸೇರಿದಂತೆ 15 ಮಂದಿಯ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು.

ಇವರು ನಿರ್ದೋಷಿಗಳೆಂದು ಯಾವ ನ್ಯಾಯಾಲಯವೂ ಹೇಳಿಲ್ಲ, ನಾನೂ ತೀರ್ಪು ಕೊಡಲು ಕುಳಿತಿಲ್ಲ. ನಾನು ಕೇಳುವುದು ಇಷ್ಟೇ. ಅದೇ ಕಡತ, ಅದೇ ಸಾಕ್ಷ್ಯ. ಒಂದು ಪೀಠಕ್ಕೆ ಜೀವಾವಧಿ ಎಂದು ಕಂಡದ್ದು ಇನ್ನೊಂದಕ್ಕೆ ಗಲ್ಲು ಎಂದು ಕಂಡಿತು, ಮತ್ತೊಂದು ಅದನ್ನು ಜೀವಾವಧಿಗೆ ತಂದಿತು. ಒಬ್ಬನ ಕುತ್ತಿಗೆ ಹೀಗೆ ಪೀಠದಿಂದ ಪೀಠಕ್ಕೆ ತೂಗಾಡುತ್ತಿರುವಾಗ, ಅಂತಿಮವಾದ ಶಿಕ್ಷೆಯನ್ನು ಕೊಡುವ ಧೈರ್ಯ ನಮಗೆ ಎಲ್ಲಿಂದ ಬರುತ್ತದೆ? ಮತ್ತು ಇನ್ನೊಂದು, ಇದು ನಮ್ಮ ಮನೆಯ ಮಾತು. 2013ರ ಆ ಫೆಬ್ರವರಿಯಲ್ಲಿ ಸೈಮನ್, ಬಿಲವೇಂದ್ರರ ಹೆಸರು ಟಿವಿಯಲ್ಲಿ ಬಂದಾಗ ನಮ್ಮ ಕುಟುಂಬಗಳಲ್ಲಿ ಎಷ್ಟು ಮಂದಿ ಒಂದು ಜಪಮಾಲೆಯನ್ನಾದರೂ ಅವರಿಗಾಗಿ ಪ್ರಾರ್ಥಿಸಿದೆವು? “ವೀರಪ್ಪನ್ ಕಡೆಯವರಂತೆ” ಎಂದು ಚಾನೆಲ್ ಬದಲಿಸಿದವರೇ ಹೆಚ್ಚು.

ಟಿವಿಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ದಂಡುಪಾಳ್ಯದ ತಂಡದವರೆಂದು ಹೆಸರಾದವರ ಒಂದು ಪ್ರಕರಣದಲ್ಲಿ 2022ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಶಿಕ್ಷೆಯನ್ನು ರದ್ದುಪಡಿಸಿತು. ಠಾಣೆಯಲ್ಲಿ ಚಿತ್ರೀಕರಿಸಿದ ಆರೋಪಿಗಳ ಹೇಳಿಕೆ ಖಾಸಗಿ ವಾಹಿನಿಯಲ್ಲಿ ಪ್ರಸಾರವಾದದ್ದನ್ನು ಅದು ಕಟುವಾಗಿ ಖಂಡಿಸಿತು. ಅಪರಾಧವನ್ನು ತೂಗಬೇಕಾದ ಸ್ಥಳ ನ್ಯಾಯಾಲಯ, ವಾಹಿನಿ ಅಲ್ಲ ಎಂಬುದು ಅದರ ಮಾತಿನ ತಾತ್ಪರ್ಯ. ಅಷ್ಟರಲ್ಲಿ ಆ ತಂಡದ ಹೆಸರಿನ ಸಿನಿಮಾ 2012ರಲ್ಲೇ ಬಂದು, ನಾವೆಲ್ಲ ಟಿಕೆಟ್ ಕೊಂಡು ನೋಡಿ ತೀರ್ಪು ಕೊಟ್ಟಾಗಿತ್ತು. 2019ರ ಡಿಸೆಂಬರ್ 6ರಂದು ಹೈದರಾಬಾದಿನ ಬಳಿ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದಾಗ ಅಲ್ಲಿ ಹೂಮಳೆ ಸುರಿಯಿತು, ನಮ್ಮಲ್ಲಿ ಸಿಹಿ ಹಂಚಿದವರೂ ಇದ್ದರು. ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಹೊರಬಂತು: ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತು, ಸತ್ತವರಲ್ಲಿ ಮೂವರು ಅಪ್ರಾಪ್ತ ವಯಸ್ಕರು. ಹೂ ಎರಚಿದವರು ಅದನ್ನು ಹಿಂದಕ್ಕೆ ಆಯ್ದುಕೊಳ್ಳಲಿಲ್ಲ.

ನಮ್ಮಲ್ಲಿ ಕೆಲವರು ಪವಿತ್ರ ಗ್ರಂಥವನ್ನೇ ಮುಂದಿಡುತ್ತಾರೆ. ಕಣ್ಣಿಗೆ ಕಣ್ಣು ಎಂದಿಲ್ಲವೇ, ಅಧಿಕಾರಿ ಕತ್ತಿಯನ್ನು ವ್ಯರ್ಥವಾಗಿ ಹಿಡಿದಿಲ್ಲ ಎಂದು ಸಂತ ಪೌಲರು ರೋಮನರಿಗೆ ಬರೆದಿಲ್ಲವೇ ಎಂದು ಕೇಳುತ್ತಾರೆ. ಬರೆದಿದ್ದಾರೆ. ಹಾಗೆ ಬರೆದ ಪೌಲರು ಅದೇ ರೋಮಿನ ಕತ್ತಿಗೆ ತಲೆಗೊಟ್ಟರೆಂದು ನಮ್ಮ ಸಂಪ್ರದಾಯ ಹೇಳುತ್ತದೆ. ಕತ್ತಿ ತಪ್ಪು ಮನುಷ್ಯನ ಮೇಲೂ ಬೀಳುತ್ತದೆಂಬುದಕ್ಕೆ ಅವರಿಗಿಂತ ದೊಡ್ಡ ಸಾಕ್ಷಿ ಬೇಕೆ? ತಪಸ್ಸುಕಾಲದ ಪ್ರತಿ ಶುಕ್ರವಾರ ನಾವು ಶಿಲುಬೆಯ ಹಾದಿಯನ್ನು ಆರಂಭಿಸುವುದೇ ನಿರ್ದೋಷಿಯೊಬ್ಬರಿಗೆ ಮರಣದಂಡನೆಯಾದ ಸ್ಥಳದಿಂದ. ಪಿಲಾತನಿಗೆ ಅವರು ನಿರಪರಾಧಿಯೆಂದು ಗೊತ್ತಿತ್ತು. ಅವನನ್ನು ಮಣಿಸಿದ್ದು ಅಂಗಳದಲ್ಲಿ ನೆರೆದವರ ಕೂಗು. ದಿವಂಗತ ಪೋಪ್ ಫ್ರಾನ್ಸಿಸ್‌ರವರು 2018ರ ಆಗಸ್ಟ್‌ನಲ್ಲಿ ಧರ್ಮಸಭೆಯ ಧರ್ಮೋಪದೇಶ ಗ್ರಂಥವನ್ನೇ ತಿದ್ದಿಸಿ, ಮರಣದಂಡನೆ ಒಪ್ಪತಕ್ಕದ್ದಲ್ಲ ಎಂದು ಬರೆಸಿದರು. ಎಂಟು ವರ್ಷಗಳ ಹತ್ತಿರ ಬಂದರೂ ಈ ತಿದ್ದುಪಡಿ ನಮ್ಮ ಅಂಗಳದ ಮಾತುಕತೆಗೆ ಇನ್ನೂ ತಲುಪಿಲ್ಲ.

ಕೊಲೆಯಾದವರ ಮನೆಯವರಿಗೆ ಏನು ಹೇಳುತ್ತೀರಿ ಎಂಬ ಪ್ರಶ್ನೆ ಉಳಿದಿದೆ. ಅದಕ್ಕೆ ಸುಲಭವಾದ ಉತ್ತರ ನನ್ನಲ್ಲಿಲ್ಲ. ಅವರಿಗೆ ಸಲ್ಲಬೇಕಾದದ್ದು ಸತ್ಯ. ಸರಿಯಾದ ಮನುಷ್ಯ ಸಿಕ್ಕಿ, ಸರಿಯಾದ ಸಾಕ್ಷ್ಯದಿಂದ ಅವನ ತಪ್ಪು ರುಜುವಾತಾಗಿ, ಅವನು ಜೈಲಿನಲ್ಲಿರಬೇಕು. ಬದಲಿಗೆ ಸಿಕ್ಕವನನ್ನು ಹಿಡಿದು ಕೊಟ್ಟರೆ ಅವರಿಗೆ ದೊರೆತದ್ದು ಇನ್ನೊಬ್ಬ ತಾಯಿಯ ಕಣ್ಣೀರು ಮಾತ್ರ.

ಆದ್ದರಿಂದ ನಮ್ಮ ಧರ್ಮಕೇಂದ್ರಗಳ ಕುಟುಂಬಗಳನ್ನು ಕೆಲವು ಸಣ್ಣ ವಿಷಯಗಳಿಗಾಗಿ ಬೇಡುತ್ತೇನೆ. ಮಹಜರಿಗೆ ಕರೆದರೆ ಹೋಗಿ, ಜಾರಿಕೊಳ್ಳಬೇಡಿ. ಆದರೆ ಕಣ್ಣಾರೆ ಕಂಡದ್ದಕ್ಕೆ ಮಾತ್ರ, ಬರೆದದ್ದನ್ನು ಪೂರ್ತಿ ಓದಿದ ಮೇಲೆ, ಓದಲು ಬಾರದಿದ್ದರೆ ಓದಿಸಿ ಕೇಳಿದ ಮೇಲೆ ಸಹಿ ಹಾಕಿ. ಖಾಲಿ ಹಾಳೆಗೆ ಬೇಡವೇ ಬೇಡ. ನಿಮ್ಮ ಬೀದಿಯ ಯಾರನ್ನಾದರೂ ಬಂಧಿಸಿದರೆ ಅವರ ಮನೆಯ ಬಾಗಿಲಿಗೆ ಬೆನ್ನು ತಿರುಗಿಸಬೇಡಿ. ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯುವ ಹಕ್ಕನ್ನು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ ಕೊಟ್ಟಿದೆ. ತುಮಕೂರಿನ ಜಿಲ್ಲಾ ನ್ಯಾಯಾಲಯದಲ್ಲಿ ಜಿಲ್ಲಾ ಪ್ರಾಧಿಕಾರವಿದೆ, ಗುಬ್ಬಿ ಮತ್ತು ಕುಣಿಗಲಿನ ನ್ಯಾಯಾಲಯಗಳಲ್ಲಿ ತಾಲ್ಲೂಕು ಸಮಿತಿಗಳಿವೆ. 15100 ಎಂಬ ಸಂಖ್ಯೆಗೆ ಕರೆ ಮಾಡಿದರೂ ಸಾಕು. ಈ ಸಂಖ್ಯೆಯನ್ನು ದೇವಾಲಯದ ಫಲಕದ ಮೇಲೆ ಬರೆಸುವುದಕ್ಕೆ ಹೆಚ್ಚು ಹಣವೇನೂ ಬೇಕಾಗದು. ನಮ್ಮಲ್ಲಿರುವ ವಕೀಲರು ತಿಂಗಳಿಗೊಂದು ಭಾನುವಾರ ಬಲಿಪೂಜೆಯ ನಂತರ ಅರ್ಧ ಗಂಟೆ ಕುಳಿತರೆ, ಆರೋಪಪಟ್ಟಿ ಎಂದರೇನು, ಜಾಮೀನಿಗೆ ಏನು ಬೇಕು ಎಂದು ಕೇಳಲು ಬರುವವರು ಖಂಡಿತ ಇದ್ದಾರೆ.

ಜ್ಞಾನಪ್ರಕಾಶ್ 2022ರ ಡಿಸೆಂಬರ್‌ನಲ್ಲಿ ಅನಾರೋಗ್ಯದ ಕಾರಣ ಜಾಮೀನಿನ ಮೇಲೆ ಮೈಸೂರಿನ ಜೈಲಿನಿಂದ ಹೊರಬಂದರು. ಒಳಗೆ ಹೋಗಿ ಸುಮಾರು 29 ವರ್ಷಗಳಾಗಿದ್ದವು.